ಸುಕ್ಕಲ್ಲ, ಮಡಿಕೆ

ಟೀಚರಮ್ಮ ಇಸ್ತ್ರಿಪೆಟ್ಟಿಗೆಯನ್ನು ಹಾಳೆಯ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಎಳೆಯುತ್ತಿದ್ದರು. ಹಾಳೆಯ ಮೇಲೆ ತೆಳುವಾದ ಒದ್ದೆ ಬಟ್ಟೆ ಹಾಸಿದ್ದರು. ಪೆಟ್ಟಿಗೆ ತಾಗಿದಲ್ಲೆಲ್ಲ ಹಬೆ ಬುಸ್ಸೆಂದು ಎದ್ದು ಕನ್ನಡಕವನ್ನು ಮಸುಕು ಮಾಡುತ್ತಿತ್ತು. ಮೇಜಿನಷ್ಟೇ ಅಗಲದ ಕೈಯಿಂದ ಮಾಡಿದ ಇಂಥ ಒಳ್ಳೆಯ ಕಾಗದ ಒಳಕೋಣೆಯ ಹಲಗೆಯ ಮೇಲೆ ಸುಕ್ಕುಗಟ್ಟಿ ಬಿದ್ದಿದ್ದನ್ನು ಕಂಡು, ಸಾವಿನ ಮನೆಯಲ್ಲಿಯೂ, ಅವರಿಗೆ ಸಣ್ಣಗೆ ಸಿಟ್ಟು ಬಂದಿತ್ತು. ಮೂವತ್ತೇಳು ವರ್ಷ ಮಕ್ಕಳಿಂದ ಹಾಳೆಯ ಎರಡೂ ಬದಿ ಬರೆಯಿಸಿದವರು ಅವರು. ವಸ್ತುವನ್ನು ಹಾಳು ಮಾಡುವವನು ಮನುಷ್ಯನನ್ನೂ ಹಾಳು ಮಾಡುತ್ತಾನೆ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದರೋ ಲೆಕ್ಕವಿಲ್ಲ.

"ಈಗ ಯಾವ ಬಟ್ಟೆ ಟೀಚರಮ್ಮ?" ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿದರು.

"ಬಟ್ಟೆ ಅಲ್ಲ, ಕಾಗದ. ಬಂದವರು ಎರಡು ಮಾತು ಬರೀಲಿ ಅಂತ. ಪುಸ್ತಕ ತರ್ತೀನಿ ಅಂದವರ ಪತ್ತೇನೇ ಇಲ್ಲ."

"ಕಾಗದಕ್ಕೂ ಇಸ್ತ್ರಿ ಮಾಡ್ತಾರಾ?"

"ಇಸ್ತ್ರಿಯವನ ಮನೇಲಿ ಎಲ್ಲಕ್ಕೂ ಮಾಡ್ತಾರೆ."

ಆ ಇಸ್ತ್ರಿಯವನು ಅವರ ತಮ್ಮ. ಕೆಳಗಿನ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಊರಿನವರ ಬಟ್ಟೆಗಳನ್ನು ಒತ್ತುತ್ತಾ ಬಂದವನು. ಮೇಲಿನ ಎರಡು ಕೋಣೆಗಳಲ್ಲಿ ಹೆಂಡತಿಯೊಡನೆ ಬಾಳಿದವನು. ಹೆಂಡತಿ ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅವಳನ್ನು ಕರೆತರಲು ಅವನು ವ್ಯಾನಿನೊಂದಿಗೆ ಹೋಗಿ ಒಂದು ಗಂಟೆಯಾಗಿತ್ತು. ಅವನಿಗಿಂತ ಹನ್ನೆರಡು ವರ್ಷ ದೊಡ್ಡವರಾದ, ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದ ಅಕ್ಕನ ಪಾಲಿಗೆ ಮನೆಯನ್ನು ಒಪ್ಪ ಮಾಡುವ ಕೆಲಸ ಉಳಿದಿತ್ತು. ಕೈಗೆ ಕೆಲಸವಿಲ್ಲದಿದ್ದರೆ ಅವರು ಅತ್ತುಬಿಡುತ್ತಿದ್ದರು. ಬಂದವರ ಮುಂದೆ ಅಳುವುದು ಅವರಿಗೆ ಒಗ್ಗದ ಸಂಗತಿ.

ಬಟ್ಟೆ ಎತ್ತಿ ನೋಡಿದರು. ಹಾಳೆ ಬಿಸಿಯಾಗಿ, ನುಣುಪಾಗಿ, ಹೊಸದರಂತೆ ಮಲಗಿತ್ತು. ಅದನ್ನು ಎರಡೂ ಕೈಗಳಲ್ಲಿ ಹಿಡಿದು ಹೊರಗೆ ತಂದು, ಮುಂಗೋಣೆಯ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಶಾಯಿ ಪೆನ್ನೊಂದನ್ನು ಮುಚ್ಚಳ ತೆಗೆದು ಪಕ್ಕದಲ್ಲಿಟ್ಟರು.

ಹತ್ತು ಗಂಟೆಗೆ ವ್ಯಾನು ಬಂತು. ತಿಳಿಮರದ ಶವಪೆಟ್ಟಿಗೆಯನ್ನು ನಾಲ್ವರು ಮೆಟ್ಟಿಲು ಹತ್ತಿಸಿದರು. ತಮ್ಮನು ಹಿಂದಿನಿಂದ ಬಂದ. ಯಾರನ್ನೂ ನೋಡಲಿಲ್ಲ. ಹೆಂಡತಿಯ ಮೇಲೆ ಆಸ್ಪತ್ರೆಯವರು ಹೊದಿಸಿದ್ದ ಹೊದಿಕೆಯ ಅಂಚು ಸೊಟ್ಟಗಿದ್ದುದನ್ನು ಸರಿಪಡಿಸಿ, ಅಂಗೈಯಿಂದ ಎರಡು ಸಲ ಸವರಿ, ಪಕ್ಕದ ಸ್ಟೂಲಿನ ಮೇಲೆ ಕುಳಿತ.

ಜನ ಬಂದರು. ಬಂದವರು ಬರೆದರು. ಟೀಚರಮ್ಮ ಮೇಜಿನ ಬಳಿಯ ಕುರ್ಚಿಯಲ್ಲಿ ಕುಳಿತು, ತಲೆಕೆಳಗಾಗಿ ಕಾಣುತ್ತಿದ್ದ ಸಾಲುಗಳನ್ನು ಓದುತ್ತಿದ್ದರು. ಒಬ್ಬರು ಶ್ರದ್ಧಾಂಜಲಿಯ ಹೊಟ್ಟೆ ಸೀಳದೆ ಬಿಟ್ಟರು. ಇನ್ನೊಬ್ಬರು ಆತ್ಮದ ದೀರ್ಘ ನುಂಗಿದರು. ಅವರು ಅತ್ತ ಹೋದ ಮೇಲೆ ಟೀಚರಮ್ಮ ಪೆನ್ನೆತ್ತಿ ಹೊಟ್ಟೆ ಸೀಳಿದರು, ದೀರ್ಘ ಕೊಟ್ಟರು. ಸತ್ತವರ ಮುಂದೆಯಾದರೂ ಅಕ್ಷರ ನೆಟ್ಟಗಿರಬೇಡವೆ?

ಕಿಟಕಿಯ ಬಳಿ ಯಾರೋ ಪಿಸುಗುಟ್ಟಿದರು. "ಏನೋ ಕಲಾವಿದೆ ಅಂತಿದ್ರು. ಕಾಗದ ಮಡಚೋದು, ಬಿಚ್ಚೋದು. ಅದೂ ಒಂದು ಕೆಲಸವಾ?"

"ಹೊರದೇಶದಲ್ಲೆಲ್ಲಾ ತೂಗುಹಾಕಿದ್ರಂತೆ."

"ತೂಗುಹಾಕ್ತಾರೆ, ಅವರಿಗೇನು, ಗೋಡೆ ಜಾಸ್ತಿ."

ಟೀಚರಮ್ಮನ ಕಿವಿ ಕಾದವು. ಸತ್ತವಳು ಎದ್ದು ಉತ್ತರ ಕೊಡಲಾರಳೆಂದು ತಿಳಿದೇ ಆಡುವ ಮಾತು ಹೇಡಿಯ ಮಾತು. ತಿರುಗಿ ನೋಡಿದರು, ತರಗತಿಯನ್ನು ನೋಡುವ ಹಾಗೆ. ಕಿಟಕಿಯ ಬಳಿ ಮಾತು ನಿಂತಿತು. ಆದರೆ ಕಾದ ಕಿವಿಗೆ ಇನ್ನೊಂದು ಕಾರಣವೂ ಇತ್ತು. ಅಂಥದೇ ಪ್ರಶ್ನೆಯನ್ನು ಅವರೇ ಒಮ್ಮೆ ಕೇಳಿದ್ದರು, ಅದೂ ಮುಖದೆದುರೇ.

*

"ಏನು ಕೆಲಸ ಮಾಡ್ತೀಯಮ್ಮ?" ಎಂದು ಅವರು ಕೇಳಿದ್ದು ಇಪ್ಪತ್ತಾರು ವರ್ಷದ ಹಿಂದೆ, ತಮ್ಮನು ಹುಡುಗಿಯನ್ನು ತೋರಿಸಲು ಕರೆತಂದಿದ್ದ ದಿನ.

"ಕಾಗದ ಮಡಚ್ತೀನಿ ಅತ್ತಿಗೆ." ಮದುವೆಗೆ ಮುಂಚೆಯೇ ಅತ್ತಿಗೆ ಎಂದುಬಿಟ್ಟಿದ್ದಳು.

"ಮಡಚಿ?"

"ಮತ್ತೆ ಬಿಚ್ತೀನಿ."

ಟೀಚರಮ್ಮ ತಮ್ಮನ ಮುಖ ನೋಡಿದ್ದರು. ಅವನು ನಗು ತಡೆಯುತ್ತಾ, "ನಾನೂ ಅಷ್ಟೇ ಅಲ್ವಾ ಅಕ್ಕ? ನಾನು ಮಡಚ್ತೀನಿ, ಗಿರಾಕಿ ಬಿಚ್ತಾನೆ" ಎಂದಿದ್ದ.

ಅವಳ ಕೆಲಸದ ರೀತಿ ಹೀಗಿತ್ತು. ಯಾರು ಏನನ್ನು ಹೇಗೆ ಮಡಚುತ್ತಾರೆ ಎಂದು ನೋಡುತ್ತಾ ತಿರುಗುವುದು. ಅಂಗಡಿಯವನು ಪೊಟ್ಟಣ ಕಟ್ಟುವುದು, ನರ್ಸು ಪಟ್ಟಿಬಟ್ಟೆ ಮಡಚುವುದು, ಜಗಳವಾಡಿದವಳು ಪತ್ರವನ್ನು ಚಿಕ್ಕದು ಮಾಡಿ ಮಾಡಿ ಮುಷ್ಟಿಯಲ್ಲಿ ಬಚ್ಚಿಡುವುದು. ಆಮೇಲೆ ದೊಡ್ಡ ಹಾಳೆಯೊಂದನ್ನು ಅದೇ ಕ್ರಮದಲ್ಲಿ, ಅದೇ ಬೆರಳಿನ ಒತ್ತಡದಲ್ಲಿ ಮಡಚಿ, ಪೂರ್ತಿ ಬಿಚ್ಚಿ, ಓರೆ ಬೆಳಕಿಗೆ ತೂಗುಹಾಕುವುದು. ಹಾಳೆಯ ಮೇಲೆ ಒಂದು ಗೆರೆಯೂ ಇರುವುದಿಲ್ಲ, ಬಣ್ಣವಿರುವುದಿಲ್ಲ. ಮಡಿಕೆಗಳ ನೆರಳು ಮಾತ್ರ.

ಒಂದು ವರ್ಷ ಅವಳು ಟೀಚರಮ್ಮನ ಶಾಲೆಗೇ ಬಂದು ಹಿಂದಿನ ಬೆಂಚಿನಲ್ಲಿ ಒಂದು ವಾರ ಕುಳಿತಳು. ಪರೀಕ್ಷೆಗೆ ಮುಂಚೆ ಮಕ್ಕಳು ಅಂಚು ಬಿಡಲು ಹಾಳೆಯ ಎಡಬದಿಯನ್ನು ಮಡಚುತ್ತಾರಲ್ಲ, ಅದನ್ನು ನೋಡಲು. ನಲವತ್ತು ಮಕ್ಕಳ ನಲವತ್ತು ಅಂಚುಗಳನ್ನು ಒಂದೇ ಹಾಳೆಯಲ್ಲಿ ಮಡಚಿ ತಂದು ಟೀಚರಮ್ಮನಿಗೆ ಕೊಟ್ಟಳು.

"ಏನಮ್ಮ ಇದು, ಬರೀ ಸುಕ್ಕು."

"ಸುಕ್ಕಲ್ಲ ಅತ್ತಿಗೆ, ಮಡಿಕೆ."

"ಎರಡೂ ಒಂದೇ."

ಆಗ ತಮ್ಮ, ತನ್ನ ಕಸುಬಿಗೆ ಅವಮಾನವಾದವನಂತೆ, ನಡುವೆ ಬಾಯಿ ಹಾಕಿದ್ದ. "ಅದು ಹೇಗೆ ಒಂದೇ ಆಗತ್ತೆ ಅಕ್ಕ? ಸುಕ್ಕು ತಾನಾಗಿ ಬೀಳತ್ತೆ. ಮಡಿಕೆ ಬೀಳಿಸಬೇಕು. ಬೆಳಗಿಂದ ಸಂಜೆ ತನಕ ನಾನು ಒಂದನ್ನ ತೆಗೆದು ಇನ್ನೊಂದನ್ನ ಹಾಕ್ತೀನಿ. ಗೊತ್ತಿಲ್ಲದೆ ಇದ್ರೆ ಅಂಗಡಿ ಮುಚ್ಚಬೇಕಾಗತ್ತೆ."

ಮರುವಾರ ಟೀಚರಮ್ಮ ಆ ಹಾಳೆಯ ಮೇಲೆ ಶಾಲೆಯ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಅಷ್ಟು ಗಟ್ಟಿ ಕಾಗದ ಸುಮ್ಮನೆ ಬಿದ್ದಿರಬಾರದಲ್ಲ. ಅವಳು ಅದನ್ನು ಕಂಡಳು. ಬಹಳ ಹೊತ್ತು ನೋಡಿ, "ಅಂಚಿಗೆ ಸರಿಯಾಗಿ ಬರೆದಿದೀರ ಅತ್ತಿಗೆ" ಎಂದು ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಟೀಚರಮ್ಮ ಅದನ್ನು ಎಂದೋ ಮರೆತಿರುತ್ತಿದ್ದರು.

*

ಮಧ್ಯಾಹ್ನ ಒಂದು ಗಂಟೆಗೆ ಅವಳ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಬಂದರು. ಹಳೆಯ ಮುದ್ರಣಾಲಯದ ಶೆಡ್ಡಿನಲ್ಲಿ ಮೂವರೂ ಇಪ್ಪತ್ತು ವರ್ಷ ಒಟ್ಟಿಗೆ ಕಾಗದದೊಡನೆ ಕಾಲ ಕಳೆದಿದ್ದರು. ತಿರುಳಮ್ಮ ಎಂಬ ಅಡ್ಡಹೆಸರಿನ ದೊಡ್ಡ ತೋಳಿನ ಹೆಂಗಸು ಹಳೆ ಹತ್ತಿಬಟ್ಟೆಯನ್ನು ಕೊಳೆಹಾಕಿ, ಜಜ್ಜಿ, ತಿರುಳು ಮಾಡಿ, ಅದರಿಂದ ಕಾಗದ ತಯಾರಿಸುವವಳು. ಕತ್ತರಿ ಎಂದೇ ಎಲ್ಲರೂ ಕರೆಯುವ ಸಣಕಲು ಗಂಡಸು ಆ ಕಾಗದವನ್ನು ಜಾಲರಿಯಂತೆ ಕತ್ತರಿಸಿ ಪರದೆ ಮಾಡುವವನು. ಅವನ ಕಂಕುಳಲ್ಲಿ ದಪ್ಪ ಪುಸ್ತಕವೊಂದಿತ್ತು.

"ಪುಸ್ತಕ ತಂದೆ ಟೀಚರಮ್ಮ. ತಡ ಆಯ್ತು."

"ಬೆಳಿಗ್ಗೆ ಏಳಕ್ಕೆ ಅಂದಿದ್ರಿ."

"ಪುಸ್ತಕದ ಬೆನ್ನಿಗೆ ಒಳ್ಳೆ ಕಾಗದ ಅಂಟಿಸ್ತಾ ಕೂತೆ. ಅಂಗಡಿ ಪುಸ್ತಕ ತಂದ್ರೆ ನಮ್ಮ ಮಡಿಕೆ ಪೆಟ್ಟಿಗೆಯಿಂದ ಎದ್ದು ಬೈತಿದ್ಲು." ಅವನ ದನಿ ತಮಾಷೆಯಲ್ಲಿ ಶುರುವಾಗಿ ಬೇರೆಲ್ಲೋ ಮುಗಿಯಿತು. ಗೆಳೆಯರು ಅವಳನ್ನು ಮಡಿಕೆ ಎಂದೇ ಕರೆಯುತ್ತಿದ್ದರು.

ತಿರುಳಮ್ಮ ಪೆಟ್ಟಿಗೆಯ ಬಳಿ ಬಗ್ಗಿ, ಸತ್ತವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ತಮ್ಮನ ಹೆಗಲ ಮೇಲೆ ಕೈಯಿಟ್ಟಳು. "ಅಣ್ಣ, ಬೇಜಾರು ಮಾಡ್ಕೋಬೇಡಿ, ಇವತ್ತು ಕೇಳಬಾರದು. ಆದ್ರೆ ಅವಳೇ ಹೇಳಿದ್ಲು. ನಾನು ಹೋದ ದಿನಾನೇ ಆ ಹಾಳೆ ತಗೊಂಡು ಹೋಗಿ ಭದ್ರವಾಗಿ ಇಟ್ಕೊ, ಮನೇಲಿ ಜನ ಸೇರ್ತಾರೆ, ಏನಾದ್ರೂ ಆಗತ್ತೆ ಅಂತ. ಹತ್ತು ದಿನಕ್ಕೆ ಪ್ರದರ್ಶನ."

ತಮ್ಮ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟ. "ಒಳಗಿದೆ. ಹಲಗೆ ಮೇಲೆ. ನಾನು ಮುಟ್ಟಿಲ್ಲ." ಪಕ್ಕದಲ್ಲಿ ನಿಂತಿದ್ದವರಿಗೆ ಹೇಳುವವನಂತೆ ಮುಂದುವರಿಸಿದ: "ನನ್ನದು ಅದು. ನಾನು ಶರ್ಟು ಮಡಚೋ ರೀತಿ. ಆಸ್ಪತ್ರೆಗೆ ಸೇರೋಕೆ ಮುಂಚೆ ನಾಲ್ಕು ತಿಂಗಳು ಅಂಗಡೀಲಿ ಎದುರಿಗೆ ಕೂತು ನೋಡಿದ್ಲು. ಕೈ ನಡುಗ್ತಿತ್ತಲ್ಲ, ದಿನಕ್ಕೆ ಒಂದೇ ಮಡಿಕೆ ಹಾಕ್ತಿದ್ಲು. ಒಂದು ದಿನ ತೋಳು, ಒಂದು ದಿನ ಕಾಲರು. ತಪ್ಪಿದ್ರೆ ಬೇರೆ ಹಾಳೆ. ಹದಿನೇಳನೇ ಹಾಳೆ ಅದು."

ಟೀಚರಮ್ಮ ಕುರ್ಚಿಯ ಕೈಯನ್ನು ಹಿಡಿದುಕೊಂಡರು.

ತಿರುಳಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಬಂದಳು. "ಅಲ್ಲಿಲ್ಲ ಅಣ್ಣ."

ತಮ್ಮ ಎದ್ದ. ಮೂವರೂ ಒಳಗೆ ಹೋದರು. ಹಲಗೆಗಳನ್ನು ಸರಿಸುವ ಸದ್ದು, ಬೀರು ತೆಗೆಯುವ ಸದ್ದು, ಹಾಸಿಗೆ ಎತ್ತುವ ಸದ್ದು. ಟೀಚರಮ್ಮ ಅಲುಗಲಿಲ್ಲ. ಅವರ ಕಣ್ಣ ಮುಂದಿನ ಹಾಳೆಯ ಮೇಲೆ ನಲವತ್ತು ಐವತ್ತು ಜನರ ಹೆಸರುಗಳಿದ್ದವು. ಅವರೇ ತಿದ್ದಿದ ಕಾಗುಣಿತಗಳಿದ್ದವು. ಇದೇ ಇರಲಾರದು ಎಂದುಕೊಂಡರು. ಹಲಗೆಯ ಮೇಲೆ ಬೇರೆ ಹಾಳೆಗಳೂ ಇದ್ದವಲ್ಲ? ಇರಲಿಲ್ಲ. ಒಂದೇ ಇತ್ತು. ಕೆಳಗೆ ಬಿಳಿಬಟ್ಟೆ ಹಾಸಿ ಅದರ ಮೇಲೆ ಇಟ್ಟಿದ್ದಳು. ಬಿಸಾಡುವ ಹಾಳೆಗೆ ಯಾರು ಬಟ್ಟೆ ಹಾಸುತ್ತಾರೆ? ಆ ಬಟ್ಟೆಯನ್ನೇ ಒದ್ದೆ ಮಾಡಿ ಇಸ್ತ್ರಿಗೆ ಬಳಸಿಕೊಂಡಿದ್ದರು.

ಒಳಗಿನಿಂದ ಕತ್ತರಿಯ ದನಿ ಬಂತು. "ಬೆಳಿಗ್ಗೆ ಇಲ್ಲಿ ಗುಡಿಸಿದ್ದು ಯಾರು?"

ದಿನವೂ ಮನೆ ಗುಡಿಸಿ ಒರೆಸುವಾಕೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಕೈ ಒರೆಸಿಕೊಳ್ಳುತ್ತಾ ಮುಂಗೋಣೆಗೆ ಬಂದಳು. ಎಲ್ಲರೂ ಅವಳ ಕಡೆ ತಿರುಗಿದರು.

"ಹಲಗೆ ಮೇಲೆ ಒಂದು ಹಾಳೆ ಇತ್ತು, ದೊಡ್ಡದು. ಏನು ಮಾಡಿದೆ?"

"ನಾನು ಮುಟ್ಟಿಲ್ಲಪ್ಪ. ಅಮ್ಮೋರ ಕಾಗದ ನಾನು ಯಾವತ್ತೂ ಮುಟ್ಟಲ್ಲ. ನೆಲ ಅಷ್ಟೇ."

"ಕಸದ ಜೊತೆ ಹೋಗಿರತ್ತೆ," ಎಂದರು ಕಿಟಕಿಯ ಬಳಿಯವರು. "ಅವಳಿಗೇನು ಗೊತ್ತಾಗತ್ತೆ, ಸುಕ್ಕು ಕಾಗದ ಅಂತ ಬಿಸಾಕಿರ್ತಾಳೆ."

"ಇಲ್ಲ ಅಮ್ಮ," ಎಂದಳು ಅವಳು, ಇನ್ನೂ ಮೆಲ್ಲಗೆ. "ಅದು ಸುಕ್ಕಲ್ಲ ಅಂತ ನನಗೆ ಗೊತ್ತು. ಅಮ್ಮೋರು ಹೇಳಿಕೊಟ್ಟಿದ್ರು."

*

ಹಿಂದೊಮ್ಮೆ ತರಗತಿಯ ಭೂಪಟ ಹರಿದಿತ್ತು. ಯಾರೂ ಒಪ್ಪಿಕೊಳ್ಳಲಿಲ್ಲ. ಟೀಚರಮ್ಮ ಆಗ ಮೂವತ್ತರ ಹರೆಯದವರು, ಗಡಿಯಾರವನ್ನು ಕೈಯಿಂದ ಬಿಚ್ಚಿ ಮೇಜಿನ ಮೇಲಿಟ್ಟು, "ಐದು ನಿಮಿಷ. ಹರಿದವರು ಎದ್ದು ನಿಲ್ಲಿ. ಎದ್ದು ನಿಲ್ಲೋಕೆ ಎರಡು ಕಾಲು ಸಾಕು, ಬೇರೇನೂ ಬೇಡ" ಎಂದಿದ್ದರು.

ಮೂರನೆಯ ನಿಮಿಷಕ್ಕೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಳತೊಡಗಿದಳು. ಯಾವಾಗಲೂ ಬೈಸಿಕೊಳ್ಳುವವಳು. ತರಗತಿಯೆಲ್ಲ ಅವಳತ್ತ ತಿರುಗಿತು. ಆಗ, ನಾಲ್ಕನೆಯ ನಿಮಿಷಕ್ಕೆ, ಮುಂದಿನ ಸಾಲಿನಿಂದ ಇನ್ನೊಬ್ಬಳು ಎದ್ದಳು. ತಪ್ಪಿಗೆ ಶಿಕ್ಷೆ ಕೊಟ್ಟು, ಎದ್ದದ್ದಕ್ಕೆ ಚಪ್ಪಾಳೆ ತಟ್ಟಿಸಿ, ಟೀಚರಮ್ಮ ಆ ದಿನ ಬಹಳ ತೃಪ್ತಿಯಿಂದ ಮನೆಗೆ ಹೋಗಿದ್ದರು. ಆ ನಾಲ್ಕು ನಿಮಿಷ ಆ ಮಗುವಿಗೆ ಎಷ್ಟು ಉದ್ದವಾಗಿತ್ತೆಂದು ಅವರು ಯಾವತ್ತೂ ಕೇಳಿರಲಿಲ್ಲ.

*

ಎರಡು ಕಾಲು ಸಾಕಾಗಲಿಲ್ಲ. ಟೀಚರಮ್ಮ ಮೇಜನ್ನು ಹಿಡಿದು ಎದ್ದರು.

"ಅವಳಲ್ಲ. ನಾನು."

ದನಿ ಅವರು ಎಣಿಸಿದ್ದಕ್ಕಿಂತ ಜೋರಾಗಿ ಬಂತು.

"ಹಾಳೆ ಇಲ್ಲೇ ಇದೆ. ಇದೇ." ಅವರು ಬೆರಳಿಟ್ಟು ತೋರಿಸಿದರು. "ಸುಕ್ಕು ಅಂದ್ಕೊಂಡೆ. ಇಸ್ತ್ರಿ ಮಾಡಿದೆ. ಅವಳ ಮೇಲೆ ಯಾರೂ ಒಂದು ಮಾತೂ ಆಡಕೂಡದು. ಆಡಿದವರು ಅವಳ ಕ್ಷಮೆ ಕೇಳಿ. ನಾನೂ ಕೇಳ್ತೀನಿ. ಕುರ್ಚೀಲಿ ಕೂತು ಎರಡು ನಿಮಿಷ ಸುಮ್ಮನೆ ಇದ್ದೆನಲ್ಲ, ಅದಕ್ಕೆ."

ಗುಡಿಸುವಾಕೆ, "ಅಯ್ಯೋ, ಬಿಡಿ ಟೀಚರಮ್ಮ" ಎಂದು ಲೋಟಗಳ ಕಡೆಗೆ ಹೋದಳು. ಕಿಟಕಿಯ ಬಳಿಯವರು ಹೊರಗಿನ ಬೀದಿಯಲ್ಲಿ ಏನನ್ನೋ ಹುಡುಕತೊಡಗಿದರು.

ತಮ್ಮ ಮೇಜಿನ ಬಳಿ ಬಂದ. ನಾಲ್ಕು ಲೋಟ ಸರಿಸಿದ. ಹಾಳೆಯ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಬಟ್ಟೆಯ ಗುಣ ನೋಡುವವನಂತೆ ಉಜ್ಜಿದ.

"ನೀರು ಚಿಮುಕಿಸಿದ್ಯಾ ಅಕ್ಕ?"

"ಒದ್ದೆ ಬಟ್ಟೆ ಹಾಕಿದ್ದೆ."

"ಇಸ್ತ್ರಿಪೆಟ್ಟಿಗೆ ಎಷ್ಟು ಕಾವಿಗೆ ಇಟ್ಟಿದ್ದೆ?"

"ಹತ್ತಿಬಟ್ಟೆ ಕಾವಿಗೆ."

ಅವನು ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ತೋಳಿರಲಿಲ್ಲ, ಕಾಲರಿರಲಿಲ್ಲ. "ಹೋಗಿದೆ," ಎಂದ. "ಚೆನ್ನಾಗಿ ಒತ್ತಿದೀಯ. ನಾನು ಒತ್ತಿದ್ರೂ ಇಷ್ಟೇ ಹೋಗ್ತಿತ್ತು."

ಇದಕ್ಕಿಂತ ಅವನು ಕೂಗಾಡಿದ್ದರೆ ಚೆನ್ನಿತ್ತು. ಟೀಚರಮ್ಮನಿಗೆ ಜೀವನದಲ್ಲಿ ಮೊದಲ ಸಲ ಬೈಗುಳ ಬೇಕೆನಿಸಿತು.

ತಿರುಳಮ್ಮ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಕತ್ತರಿ ಮೇಜಿಗೆ ಒರಗಿ ತಗ್ಗಿದ ದನಿಯಲ್ಲಿ ಹೇಳಿದ: "ಅಣ್ಣ, ಒಂದು ಮಾತು. ಅದೇ ತಿರುಳಿನ ಹಾಳೆ ಶೆಡ್ಡಲ್ಲಿ ಇನ್ನೂ ಎರಡು ಇವೆ. ಮಡಿಕೆ ನಿಮ್ಮದೇ. ನಿಮಗೆ ಕಣ್ಣು ಮುಚ್ಚಿದ್ರೂ ಬರತ್ತೆ. ನೀವೇ ಮಡಚಿ, ಬಿಚ್ಚಿ. ನಾವು ತೂಗುಹಾಕ್ತೀವಿ. ಯಾರಿಗೆ ಗೊತ್ತಾಗತ್ತೆ? ನಾಲ್ಕು ತಿಂಗಳ ಕೆಲಸ ಹೀಗೆ ಹೋಗಬಾರದು. ಅವಳ ಹೆಸರು ಉಳೀಲಿ."

ಟೀಚರಮ್ಮನ ಎದೆ ಒಮ್ಮೆ ಹಗುರಾಯಿತು. ಆ ಹಗುರ ಎಲ್ಲಿಂದ ಬಂತೆಂದು ತಿಳಿದ ಕೂಡಲೇ ಅವರಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ತಾನು ಮಾಡಿದ್ದು ಮಾಡದಂತಾಗುತ್ತದೆ ಎಂಬ ಆಸೆ ಅದು. ಬಾಯಿ ತೆರೆದರು. ಅಷ್ಟರಲ್ಲಿ ತಮ್ಮನು ತಲೆ ಅಲ್ಲಾಡಿಸಿದ.

"ನಾನು ಮಡಚಿದ್ರೆ ಅದು ಶರ್ಟು ಕಣಪ್ಪ. ದಿನಕ್ಕೆ ಅರವತ್ತು ಮಡಚ್ತೀನಿ. ಅವಳು ಮಡಚಿದ್ದು ನನ್ನ ಕೈನ." ತಿರುಳಮ್ಮನ ಕಡೆ ತಿರುಗಿ, "ಹೋಗಿದ್ದು ಹೋಯ್ತು ಅಂತ ಬರೆದು ಹಾಕಿ. ಜಾಗ ಖಾಲಿ ಬಿಡಿ," ಎಂದ.

"ನನ್ನ ಹೆಸರು ಹಾಕಿ," ಎಂದರು ಟೀಚರಮ್ಮ. "ಯಾರ ಕೈಯಿಂದ ಹೋಯ್ತು ಅಂತ. ನಾನೇ ಬರೆದುಕೊಡ್ತೀನಿ."

"ಕಾಗುಣಿತ ತಪ್ಪಿರಲ್ಲ ಬಿಡಿ," ಎಂದ ಕತ್ತರಿ. ತಿರುಳಮ್ಮ ಅಳುವಿನ ನಡುವೆಯೇ ಮೂಗು ಸೀಟಿಕೊಂಡು ನಕ್ಕಳು. ಆ ಮನೆಯಲ್ಲಿ ಅಂದು ಯಾರಾದರೂ ನಕ್ಕಿದ್ದು ಅದೇ ಮೊದಲು.

ವ್ಯಾನಿನವನು ಮೆಟ್ಟಿಲ ಬುಡದಿಂದ ಕೂಗಿದ. ನಾಲ್ಕಕ್ಕೆ ಚಿತಾಗಾರದಲ್ಲಿ ಸಮಯ ನಿಗದಿಯಾಗಿತ್ತು, ಮೂರೂವರೆಗೆ ಹೊರಡಬೇಕು.

ತಮ್ಮ ಹಾಳೆಯನ್ನು ಹಿಡಿದುಕೊಂಡೇ ನಿಂತಿದ್ದ. ಅದರ ಮೇಲಿನ ಸಾಲುಗಳನ್ನು ಆಗಷ್ಟೇ ಕಂಡವನಂತೆ ಒಂದೊಂದಾಗಿ ಓದಿದ. ಅಂಗಡಿಯ ಗಿರಾಕಿಗಳು, ಆಸ್ಪತ್ರೆಯ ನರ್ಸು, ಪೊಟ್ಟಣ ಕಟ್ಟುವ ಅಂಗಡಿಯವನು. ಗುಡಿಸುವಾಕೆಯೂ ಯಾವಾಗಲೋ ಬಂದು, ತನಗೆ ಬರುವ ಮೂರೇ ಅಕ್ಷರದಲ್ಲಿ "ಅಮ್ಮಗೆ" ಎಂದು ಬರೆದಿದ್ದಳು.

"ಇದು ಅವಳ ಜೊತೆ ಹೋಗಲಿ," ಎಂದ. ಆಮೇಲೆ, "ನೀನು ಬರೆದೇ ಇಲ್ವಲ್ಲ ಅಕ್ಕ."

"ಎಲ್ಲರೂ ಬರೀಲಿ ಅಂತ ಕಾಯ್ತಿದ್ದೆ."

"ಎಲ್ಲರೂ ಬರೆದಾಯ್ತು."

ಎಡ ಅರ್ಧ ತುಂಬಿಹೋಗಿತ್ತು. ಬಲ ಅರ್ಧದ ಮೇಲ್ತುದಿಯಲ್ಲಿ ಮಾತ್ರ ನಾಲ್ಕಾರು ಹೆಸರು, ಉಳಿದದ್ದು ಬೆಳ್ಳಗಿತ್ತು. ಟೀಚರಮ್ಮ ಎಡಭಾಗದ ತಳದಲ್ಲಿ ಉಳಿದಿದ್ದ ಚೂರು ಜಾಗವನ್ನು ಆರಿಸಿಕೊಂಡರು. ಕರಿಹಲಗೆಗೆ ಬರೆಯುವ ದುಂಡಕ್ಷರದಲ್ಲಿ, ಒಂದೊಂದೇ ಅಕ್ಷರ ಒತ್ತಿ, ಬರೆದರು: ಇದರ ಮಡಿಕೆ ಅಳಿಸಿದವಳು ನಾನು. ಕೆಳಗೆ, ನಿನ್ನ ಅತ್ತಿಗೆ.

ಪೆಟ್ಟಿಗೆಯ ಬಳಿ ತಂದಾಗ ಹಾಳೆ ಅದಕ್ಕಿಂತ ಅಗಲವಾಗಿತ್ತು. ಕತ್ತರಿ ಒಂದು ತುದಿ ಹಿಡಿಯಲು ಬಂದ. ತಮ್ಮ ಅವನನ್ನು ಕಣ್ಣಿನಲ್ಲೇ ತಡೆದು, ಹಾಳೆಯನ್ನು ಮೇಜಿನ ಮೇಲೆ ಮತ್ತೆ ಹಾಸಿ, ಹಿಂದೆ ಸರಿದು ನಿಂತ.

"ನೀನು ಮಡಚು ಅಕ್ಕ. ಅರ್ಧಕ್ಕೆ."

"ನಾನಾ?"

"ಮೂಲೆಗೆ ಮೂಲೆ ಕೂರಿಸು. ಆಮೇಲೆ ನಡುವಿನಿಂದ ಆಚೆಗೆ ಒತ್ತು. ಉಗುರಿಂದ."

ಟೀಚರಮ್ಮ ಮೂಲೆಗೆ ಮೂಲೆ ತಂದರು. ಮೂಲೆ ಜಾರಿತು, ಮತ್ತೆ ತಂದರು. ಯಾರೂ ಅವಸರ ಮಾಡಲಿಲ್ಲ. ಹೆಬ್ಬೆರಳ ಉಗುರನ್ನು ನಡುವಿನಲ್ಲಿ ಇಟ್ಟು, ಒಂದು ತುದಿಯವರೆಗೆ ಎಳೆದರು, ಮತ್ತೆ ನಡುವಿನಿಂದ ಇನ್ನೊಂದು ತುದಿಯವರೆಗೆ. ತಮ್ಮ ಬಗ್ಗಿ ಆ ಗೆರೆಯನ್ನು ನೋಡಿದ. ನೇರವಾಗಿದೆಯೇ ಎಂದು ತಿಳಿಯಲು ಹಾಳೆಯನ್ನು ಒಮ್ಮೆ ಬಿಚ್ಚಿದ.

ಶಾಯಿ ಆರಿರಲಿಲ್ಲ. ಎಡಗಡೆಯ ತಳದಲ್ಲಿದ್ದ ಅಕ್ಕನ ಸಾಲು, ಮಡಿಕೆಯ ಆಚೆಯ ಬಿಳಿಯಲ್ಲಿ, ಹಿಂದುಮುಂದಾಗಿ, ಮಸುಕಾಗಿ, ಪೂರ್ತಿಯಾಗಿ ಅಚ್ಚಾಗಿತ್ತು.